ಮರಳಿನ ಚೀಲ ಹೇಳಿದ ತೂಕ

ಹನ್ನೆರಡೂವರೆ ಚೀಲ. ಆ ನಾಟಕ ಮಂಡಳಿಯಲ್ಲಿ ಮೋಡಮ್ಮನ ತೂಕ ಎಷ್ಟೆಂದು ಯಾರನ್ನು ಕೇಳಿದರೂ ಅದೇ ಉತ್ತರ. ಕಿಲೋ ಗಿಲೋ ಎಲ್ಲ ತರಕಾರಿ ಅಂಗಡಿಯಲ್ಲಿ. ಇಲ್ಲಿ ಮನುಷ್ಯರನ್ನು ತೂಗುವುದು ಮರಳಿನ ಚೀಲದಲ್ಲಿ.

ಮೋಡಮ್ಮ ಅಂದರೆ ಅವಳ ನಿಜವಾದ ಹೆಸರಲ್ಲ ಬಿಡಿ. ಮಕ್ಕಳ ನಾಟಕದಲ್ಲಿ ಮೋಡದ ರಾಣಿಯಾಗಿ ಇಪ್ಪತ್ತು ವರ್ಷ ಹಾರಿದ ಮೇಲೆ ನಿಜವಾದ ಹೆಸರು ಮನೆಯವರಿಗೇ ಮರೆತುಹೋಗಿತ್ತು. ಸೊಂಟಕ್ಕೆ ಅಗಲದ ಚರ್ಮದ ಪಟ್ಟಿ, ಪಟ್ಟಿಯ ಬೆನ್ನಿಗೆ ಹಗ್ಗ. ಆ ಹಗ್ಗ ರಂಗದ ಮೇಲಿನ ಅಟ್ಟದ ರಾಟೆ ದಾಟಿ ಆಚೆ ಬದಿಗೆ ಇಳಿದರೆ ತುದಿಯಲ್ಲೊಂದು ಕೊಕ್ಕೆ, ಕೊಕ್ಕೆಗೆ ಮರಳಿನ ಚೀಲಗಳು. ಚೀಲಗಳೂ ಅವಳೂ ಸರಿಸಮ ತೂಗಿದರೆ ಹಗ್ಗ ಹಿಡಿದವನು ಎರಡು ಬೆರಳಲ್ಲಿ ಎಳೆದರೂ ಸಾಕು, ಅವಳು ತೇಲುತ್ತಿದ್ದಳು. ಹಗ್ಗ ಹಿಡಿಯುವವನು ಅವಳ ಗಂಡ, ಎಲ್ಲರ ಬಾಯಲ್ಲಿ ಹಗ್ಗದಣ್ಣ. "ಹೆಂಡ್ತೀನ ಕುಣಿಸೋ ಗಂಡಂದಿರು ಬೇಕಾದಷ್ಟಿದ್ದಾರೆ, ಹಾರಿಸೋನು ನಾನೊಬ್ಬನೇ" ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮೊದಲ ಸಲ ಕೇಳಿದವರು ನಗುತ್ತಿದ್ದರು.

ಚೀಲದ ಲೆಕ್ಕ ಶುರುಮಾಡಿದವರು ಮಂಡಳಿ ಕಟ್ಟಿದ ಮಾವ, ಹಗ್ಗದಣ್ಣನ ಅಪ್ಪ. ಒಂದು ಚೀಲಕ್ಕೆ ಆರು ಕಿಲೋ ಮರಳು, ಜೊತೆಗೆ ಅರ್ಧ, ಕಾಲು ತೂಕದ ಮರಿ ಚೀಲಗಳು. ಹಾರೋ ಪಾತ್ರದವರು ತಕ್ಕಡಿ ಹತ್ತಬಾರದು, ಅಂಕಿ ಒಂದು ಸಲ ತಲೆಗೆ ಹೊಕ್ಕರೆ ಕಾಲು ನೆಲ ಬಿಡಲ್ಲ ಎನ್ನುತ್ತಿದ್ದರಂತೆ. ಅವರು ಹೋಗಿ ಎಷ್ಟೋ ವರ್ಷವಾದರೂ ಆ ಮಾತು ಮಾತ್ರ ರಂಗಕ್ಕೆ ಅಂಟಿಕೊಂಡ ಅವರ ಮನೆಯಲ್ಲಿ ಕಲ್ಲಿನ ಮೇಲೆ ಬರೆದ ಹಾಗೆ ಉಳಿದಿತ್ತು. ಸೋಮವಾರ ಬೆಳಗ್ಗೆ ಮೋಡಮ್ಮ ಪಟ್ಟಿ ಕಟ್ಟಿ ನಿಲ್ಲುವುದು, ಹಗ್ಗದಣ್ಣ ಒಂದೊಂದೇ ಚೀಲ ಕೊಕ್ಕೆಗೆ ಹಾಕುವುದು, ಎಷ್ಟನೆಯ ಚೀಲಕ್ಕೆ ಅವಳ ಹಿಮ್ಮಡಿ ಏಳುತ್ತದೋ ಅದು ಆ ವಾರದ ತೂಕ.

ಹೀಗಿರುವಾಗ ಅಟ್ಟದ ಹಳೇ ತೊಲೆ ಬಿರುಕು ಬಿಟ್ಟಿತು. ಮಂಡಳಿಯ ಯಜಮಾನರು, ಅಂದರೆ ಮೋಡಮ್ಮನ ಭಾವ, ಹೊಸ ರಾಟೆ ತರಿಸಿದರು; ಹಳೇದನ್ನು ತಗ್ಗಿನ ಇನ್ನೊಂದು ತೊಲೆಗೆ ಕಟ್ಟಿ ತೂಕಕ್ಕೂ ತಾಲೀಮಿಗೂ ಉಳಿಸಿಕೊಂಡರು. ಹೊಸದನ್ನು ಕೂರಿಸಿದ ಮೇಸ್ತ್ರಿ ಹೋಗುವಾಗ ಒಂದು ಮಾತು ಹೇಳಿ ಹೋದ: ಅರವತ್ತಾರು ಕಿಲೋ ಮೀರಿದ ಆಳನ್ನು ಇದಕ್ಕೆ ಕಟ್ಟುವ ಹಾಗಿಲ್ಲ. ಭಾವ ಬೆರಳು ಮಡಿಸಿ ನೋಡಿದರು. ಹನ್ನೊಂದು ಚೀಲ.

ಭಾವ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. ಮೋಡಮ್ಮನನ್ನು ಕರೆದು ಕೂರಿಸಿ, ಕನ್ನಡಕ ಒರೆಸುತ್ತ ಶುರುಮಾಡಿದರು.

"ನೋಡಮ್ಮಾ, ನಾನೇನೂ ಹೇಳ್ತಿಲ್ಲ. ಯಂತ್ರ ಹೇಳ್ತಿದೆ. ಮುಂದಿನ ಸುತ್ತಿನ ಪ್ರದರ್ಶನಕ್ಕೆ ಮುಂಚೆ ಆ ಮೇಸ್ತ್ರಿ ತನ್ನ ಕಬ್ಬಿಣದ ತೂಕ ತಗೊಂಡು ಪರೀಕ್ಷೆಗೆ ಬರ್ತಾನೆ. ಅಷ್ಟರಲ್ಲಿ ನೀನು ಇಳಿದ್ರೆ ರಾಣಿ ಪಾತ್ರ ನಿಂದೇ, ಎರಡು ಮಾತಿಲ್ಲ. ಇಲ್ಲದಿದ್ರೆ ನಮ್ಮ ಹುಡುಗಿ ಇದ್ದಾಳೆ. ನಿಂಗೆ ಬಾವಿಯ ಅಜ್ಜಿ ಪಾತ್ರ ಕೊಡೋಣ."

ನಮ್ಮ ಹುಡುಗಿ ಅಂದರೆ ಭಾವನ ಮಗಳು, ಊದಿದರೆ ಹಾರಿಹೋಗುವಂಥವಳು. ಬಾವಿಯ ಅಜ್ಜಿ ಅಂದರೆ ನಾಟಕ ಮುಗಿಯುವ ತನಕ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಕೆಮ್ಮುವ ಪಾತ್ರ. ಮೋಡಮ್ಮ "ಆಯ್ತು ಭಾವ" ಎಂದು ಎದ್ದು ಬಂದಳು. ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಲವತ್ತು ದಾಟಿದ ಹೆಂಗಸು ಪಾತ್ರಕ್ಕಾಗಿ ಅಳುವುದೇ ಎಂದು ಕೇಳಬೇಡಿ. ನೆಲದ ಮೇಲೆ ಅವಳು ಎಲ್ಲರ ಹಾಗೆ ಒಬ್ಬ ಹೆಂಗಸು, ವಾರಗಿತ್ತಿಯ ಮಾತು ಕೇಳಿಸಿಕೊಳ್ಳಬೇಕು, ಪಾತ್ರೆ ತೊಳೆಯಬೇಕು. ಮೇಲೆ ಹೋದಾಗ ಮಾತ್ರ ಮುನ್ನೂರು ಮಕ್ಕಳು ಒಟ್ಟಿಗೆ ಬಾಯಿ ತೆರೆದು ಅವಳನ್ನು ನೋಡುತ್ತಿದ್ದರು. ಆ ಒಂದು ಹೊತ್ತಿಗಾಗಿ ಅವಳು ಉಳಿದ ದಿನವನ್ನೆಲ್ಲ ನಗುತ್ತ ಕಳೆಯುತ್ತಿದ್ದಳು.

ಮಾರನೆಯ ದಿನದಿಂದಲೇ ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿದಳು. ಬೆಳಗ್ಗೆ ಸಕ್ಕರೆಯಿಲ್ಲದ ಕಪ್ಪು ಟೀ, ಮಧ್ಯಾಹ್ನ ಒಂದು ಬಟ್ಟಲು ಬೇಯಿಸಿದ ಸೊಪ್ಪು, ಸಂಜೆ ಬಿಸಿನೀರು. ಇಷ್ಟೇ. ಹಗ್ಗದಣ್ಣ ತಟ್ಟೆ ಮುಂದೆ ಕೂತು ತುತ್ತು ಕಲಸುವಾಗ ಅವಳು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. "ಒಂದು ತುತ್ತು ತಿನ್ನೇ" ಎಂದರೆ "ರೀ, ನನ್ನ ಶತ್ರುನಾ ನೀವು?" ಎಂದು ಕಣ್ಣು ಕೆಂಪು ಮಾಡುತ್ತಿದ್ದಳು. ಉಪವಾಸ ಬಿದ್ದವರ ಸಿಟ್ಟು ಗೊತ್ತಲ್ಲ? ಹಸಿದಿದ್ದು ಹೊಟ್ಟೆ, ಬೈಸಿಕೊಂಡಿದ್ದು ಗಂಡ.

ಮೊದಲ ಸೋಮವಾರಗಳು ಸೊಗಸಾಗಿದ್ದವು. ಹನ್ನೆರಡೂವರೆ ಇದ್ದದ್ದು ಹನ್ನೆರಡೂಕಾಲು ಆಯಿತು, ಹನ್ನೆರಡಾಯಿತು. ಹನ್ನೆರಡರಿಂದ ಇನ್ನೂ ಒಂದಿಷ್ಟು ಜಾರಿತು. "ನೋಡಿದ್ರಾ?" ಎಂದಳು ಮೋಡಮ್ಮ, ಕೆನ್ನೆ ಗುಳಿಬಿದ್ದ ಮುಖದಲ್ಲಿ ನಗುತ್ತ. ಆಮೇಲೆ ಅಲ್ಲೇ ನಿಂತಿತು. ಕೆಸರಿಗೆ ಸಿಕ್ಕ ಗಾಡಿಯ ಹಾಗೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅವಳು ಸೊಪ್ಪನ್ನು ಅರ್ಧ ಬಟ್ಟಲಿಗೆ ಇಳಿಸಿದಳು. ಆದರೂ ಚೀಲ ಇಳಿಯಲಿಲ್ಲ. ಇಳಿದಿದ್ದು ಬೇರೆ ಏನೇನೋ. ಮಧ್ಯಾಹ್ನದ ಬಿಸಿಲಲ್ಲೂ ಸ್ವೆಟರ್ ಬೇಕಾಯಿತು. ಬಾಚಣಿಗೆ ತುಂಬ ಕೂದಲು ಬಂತು. ಇಪ್ಪತ್ತು ವರ್ಷ ನಿದ್ದೆಯಲ್ಲೂ ಹೇಳುತ್ತಿದ್ದ ಮಾತು ನಡುವೆ ಮರೆತುಹೋಯಿತು. ಅಟ್ಟದ ಮೆಟ್ಟಿಲು ಹತ್ತಬೇಕಾದರೆ ಅರ್ಧದಲ್ಲಿ ಕೂತು, ಯಾರಾದರೂ ಬಂದರೆ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ನಟಿಸುತ್ತಿದ್ದಳು.

ಒಂದು ದಿನ ತಾಲೀಮಿನಲ್ಲಿ ಮೇಲೆ ಹೋದಳು. ರಾಣಿ ಎರಡೂ ತೋಳು ಅಗಲಿಸಿ, ಮಳೆಯನ್ನು ಕರೆಯುವ ಹೊತ್ತು. ತೋಳು ಏಳಲಿಲ್ಲ. ಕಣ್ಣು ಕತ್ತಲೆ ಕಟ್ಟಿತು, ತಲೆ ಮುಂದಕ್ಕೆ ವಾಲಿತು, ಒಣಗಿಹಾಕಿದ ಬಟ್ಟೆಯ ಹಾಗೆ ಹಗ್ಗಕ್ಕೆ ಜೋತುಬಿದ್ದಳು. ಹಗ್ಗದಣ್ಣ ಅವಳನ್ನು ಕೆಳಗಿಳಿಸಿ, ಮಡಿಲಲ್ಲಿ ಹಾಕಿಕೊಂಡು, ಬಾಯಿಗೆ ಸಕ್ಕರೆ ನೀರು ಬಿಟ್ಟ. ಭಾವ ಕನ್ನಡಕ ಒರೆಸಿದರು. ಮಗಳಿಗೆ ಪಟ್ಟಿ ಕಟ್ಟಿ ನೋಡಲು ಹೇಳಿದರು.

ಅದರ ಮಾರನೆಯ ದಿನ ತಾಲೀಮಿನವರಿಗೆಂದು ಬೇಕರಿಯಿಂದ ಒಂದು ತಟ್ಟೆ ತುಂಬ ಸಿಹಿ ಬನ್ನು ಬಂದಿತ್ತು. ಮೋಡಮ್ಮ ಅದರ ಪಕ್ಕ ಹಾದುಹೋಗುತ್ತಿದ್ದಳು, ಅಷ್ಟೇ. ಆಮೇಲೆ ಏನಾಯಿತೆಂದು ಅವಳಿಗೇ ಸರಿಯಾಗಿ ನೆನಪಿಲ್ಲ. ಪರದೆಯ ಹಿಂದೆ ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಖಾಲಿ ತಟ್ಟೆ ಇತ್ತು, ಮುಂದೆ ವಾರಗಿತ್ತಿ ನಿಂತಿದ್ದಳು. ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಮಂಡಳಿಯ ಉಡುಪೆಲ್ಲ ಹೊಲಿಯುವವಳು. ಅವಳ ಸೂಜಿಗಿಂತ ನಾಲಿಗೆ ಚೂಪು.

"ಬಾಯಿ ಒರೆಸ್ಕೊ. ಮೋಡಕ್ಕೆ ಸಕ್ಕರೆ ಅಂಟಿದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಸುಳ್ಳಲ್ಲ. ಒಂದು ತಟ್ಟೆಗೆ ನಿಲ್ಲಲಿಲ್ಲ. ಹಿಡಿತ ಒಂದು ಸಲ ತಪ್ಪಿದ ಮೇಲೆ ಕೈ ಕಂಡದ್ದನ್ನೆಲ್ಲ ಬಾಯಿಗೆ ಸಾಗಿಸಿತು. ಕೆಲವೇ ವಾರದಲ್ಲಿ ಅವಳು ಹನ್ನೆರಡೂವರೆ ದಾಟಿ ಹದಿಮೂರರ ಹತ್ತಿರ ನಿಂತಿದ್ದಳು, ಶುರುಮಾಡಿದಾಗ ಇದ್ದದ್ದಕ್ಕಿಂತ ಜಾಸ್ತಿ. ತೂಗಿದ ಹಗ್ಗದಣ್ಣ ಚೀಲಗಳನ್ನು ಬೇಗಬೇಗ ಕೊಕ್ಕೆಯಿಂದ ಬಿಚ್ಚಿದ.

ಆ ಹೊತ್ತಿಗೆ ನಾದಿನಿ ಬಂದಳು. ಹಗ್ಗದಣ್ಣನ ತಂಗಿ, ದೊಡ್ಡ ಆಸ್ಪತ್ರೆಯೊಂದರಲ್ಲಿ ರೋಗಿಗಳ ಊಟ ಗೊತ್ತುಮಾಡುವ ಕೆಲಸ. ಎರಡು ದಿನಕ್ಕೆಂದು ಬಂದವಳು ಅತ್ತಿಗೆಯ ಮುಖ ನೋಡಿ ಕೈಚೀಲ ಕೆಳಗಿಡುವ ಮುಂಚೆಯೇ "ಏನಾಗಿದೆ ನಿಮಗೆ?" ಎಂದು ಕೇಳಿದಳು. ಅಡುಗೆಮನೆಯ ಮೇಜಿನ ಮುಂದೆ ಕೂತು ಮೋಡಮ್ಮ ಎಲ್ಲ ಹೇಳಿದಳು, ಬನ್ನಿನ ಕಥೆಯನ್ನೂ ಬಿಡದೆ. ಹೇಳಿ ಮುಗಿಸಿ, "ನಂಗೆ ಮನಸ್ಸು ಗಟ್ಟಿ ಇಲ್ಲ ಕಣೇ. ಅಷ್ಟೇ ಇರೋದು ವಿಷಯ" ಎಂದಳು.

"ಮನಸ್ಸಿನ ಮಾತು ಆಮೇಲೆ ಅತ್ತಿಗೆ, ಮೊದಲು ಮೈ ಮಾತು ಕೇಳಿ" ಎಂದಳು ನಾದಿನಿ. "ನೀವು ಸುಮ್ಮನೆ ಮಲಗಿದ್ದಾಗಲೂ ಮೈ ಕೆಲಸ ಮಾಡ್ತಾನೇ ಇರುತ್ತೆ. ಉಸಿರಾಡ್ಬೇಕು, ಎದೆ ಬಡೀಬೇಕು, ಮೈ ಬೆಚ್ಚಗಿರ್ಬೇಕು. ತಿಂದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಖರ್ಚು. ನೀವು ಊಟ ಬಿಟ್ರಿ. ಪಾತ್ರಕ್ಕೋಸ್ಕರ ಬಿಟ್ರಿ ಅಂತ ಮೈಗೇನು ಗೊತ್ತು? ಬರಗಾಲ ಬಂತು ಅಂದ್ಕೊಳ್ಳುತ್ತೆ. ಬರಗಾಲದಲ್ಲಿ ಜಾಣೆ ಆದವಳು ಏನು ಮಾಡ್ತಾಳೆ? ಒಲೆ ಉರಿ ಸಣ್ಣ ಮಾಡ್ತಾಳೆ. ಅದಕ್ಕೇ ನಿಮಗೆ ಚಳಿ, ಅದಕ್ಕೇ ಸುಸ್ತು, ಅದಕ್ಕೇ ತೂಕ ನಿಂತಲ್ಲೇ ನಿಂತಿದ್ದು."

"ಮತ್ತೆ ಮೊದಮೊದಲು ಇಳೀತಲ್ಲ?"

"ಇಳೀತು. ಒಂದಿಷ್ಟು ನೀರು, ಒಂದಿಷ್ಟು ಕೊಬ್ಬು, ಜೊತೆಗೆ ಮಾಂಸಖಂಡಾನೂ ಹೋಯ್ತು. ತೋಳು ಎತ್ತೋಕಾಗ್ಲಿಲ್ಲ ಅಂದ್ರಲ್ಲ, ಅದೇ. ಸುಮ್ಮನೆ ಕೂತಾಗ್ಲೂ ಉರಿಯೋದು ಖಂಡ. ಅದು ಕರಗಿದ್ರೆ ಒಲೆನೇ ಚಿಕ್ಕದಾಯ್ತು. ಆಮೇಲೆ ಆ ಚಿಕ್ಕ ಒಲೆಗೆ ಒಂದು ತಟ್ಟೆ ಬನ್ನು ಹಾಕಿದ್ರಿ. ಉರೀದೆ ಉಳಿದಿದ್ದು ಎಲ್ಲಿಗೆ ಹೋಗ್ಬೇಕು?" ನಾದಿನಿ ತನ್ನ ಸೊಂಟವನ್ನೇ ಎರಡು ಬೆರಳಲ್ಲಿ ಚಿವುಟಿ ತೋರಿಸಿದಳು.

ಮೋಡಮ್ಮ ಮೇಜಿನ ಗೀರನ್ನು ಉಗುರಲ್ಲಿ ಕೆರೆದಳು. "ಹಾಗಾದ್ರೆ ಈಗ ಏನು ಮಾಡ್ಲಿ?"

"ತಿನ್ನಿ."

ಅವಳಿಗೆ ಇದು ತಮಾಷೆ ಅನ್ನಿಸಿತು. ತಮಾಷೆಯಾಗಿರಲಿಲ್ಲ. ಮೂರು ಹೊತ್ತೂ ಊಟ, ಮೊದಲು ತಿನ್ನುತ್ತಿದ್ದದ್ದಕ್ಕಿಂತ ಸ್ವಲ್ಪ ಕಡಿಮೆ, ತುಂಬ ಕಡಿಮೆ ಅಲ್ಲ. ಪ್ರತಿ ಹೊತ್ತಿಗೂ ಮೊಟ್ಟೆಯೋ ಕಾಳೋ ಮೀನೋ ಮೊಸರೋ ಇರಲೇಬೇಕು. ಜೊತೆಗೆ ತರಕಾರಿ, ಒಳ್ಳೇ ನಿದ್ದೆ. ಆಮೇಲೆ ಭಾರ ಎತ್ತಬೇಕು.

"ಭಾರ ಎಲ್ಲಿಂದ ತರ್ಲಿ?"

"ಈ ಮನೇಲಿ ಭಾರಕ್ಕೇನು ಬರ?" ಎಂದು ನಾದಿನಿ ಅಟ್ಟದ ಕಡೆ ಗದ್ದ ತೋರಿಸಿದಳು. "ನಿಧಾನ ಆಗುತ್ತೆ ಅತ್ತಿಗೆ. ಅವಸರ ಬೇಡ. ವಾರ ವಾರ ತೂಕ ನೋಡ್ಬೇಡಿ, ಬಟ್ಟೆ ನೋಡಿ."

ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮೋಡಮ್ಮ ಪಾಲಿಸಿದಳು. ದಿನಾ ಬೆಳಗ್ಗೆ ರಂಗದ ಮೇಲಿಂದ ಅಟ್ಟಕ್ಕೆ ಒಂದೊಂದೇ ಮರಳಿನ ಚೀಲ ಹೊತ್ತು ಏರುವುದು, ಅಲ್ಲಿ ಧೊಪ್ಪೆಂದು ಎಸೆಯುವುದು, ಮತ್ತೆ ಇಳಿಸುವುದು. ಚೀಲ ತಬ್ಬಿಕೊಂಡು ಕುಕ್ಕರುಗಾಲಲ್ಲಿ ಕೂತು ಏಳುವುದು. ಒಂದು ಚೀಲವನ್ನು ತಲೆಯ ಮೇಲಕ್ಕೆತ್ತಿ ಹಿಡಿಯುವುದು. ಮೊದಲ ವಾರ ಮೈಯೆಲ್ಲ ಹಣ್ಣಾಗಿ, ಬಚ್ಚಲಿನ ಚೊಂಬು ಎತ್ತಲೂ ಗಂಡನನ್ನು ಕೂಗಬೇಕಾಯಿತು. "ಹಾರಿಸೋ ಗಂಡ ಅಂದುಕೊಂಡಿದ್ದೆ, ಈಗ ಮೀಯಿಸೋ ಗಂಡನೂ ಆದೆ" ಎಂದ ಹಗ್ಗದಣ್ಣ. ಒಳಗೊಳಗೇ ಅವನಿಗೆ ಖುಷಿ, ಹೆಂಡತಿ ಮತ್ತೆ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಳಲ್ಲ.

ವಾರಗಿತ್ತಿ ಅವಳ ತಟ್ಟೆ ನೋಡಿ ಹುಬ್ಬೇರಿಸಿದಳು. "ಎರಡು ಮೊಟ್ಟೆ, ಕಾಳು, ಮೊಸರು. ಪಥ್ಯ ಅಂದ್ರೆ ಇದೇನಾ? ಹಾಗಾದ್ರೆ ನಾನು ಹುಟ್ಟಿದಾಗಿಂದ ಪಥ್ಯದಲ್ಲೇ ಇದ್ದೀನಿ."

"ಅಕ್ಕಾ, ನೀವೂ ಎರಡು ಚೀಲ ಹೊತ್ತು ನೋಡಿ ಬನ್ನಿ, ಆಮೇಲೆ ಮಾತಾಡೋಣ" ಎಂದಳು ಮೋಡಮ್ಮ. ಬಾಯಿ ತುಂಬ ಕಾಳಿತ್ತು.

ಹದಿಮೂರರ ಹತ್ತಿರದಿಂದ ಹನ್ನೆರಡೂವರೆಗೆ ಬಂತು, ಹನ್ನೆರಡಕ್ಕೆ ಬಂತು. ಆಮೇಲೆ ನೋಡಿ, ಮತ್ತೆ ಅದೇ ಹಾಡು. ಸೋಮವಾರ ಹನ್ನೆರಡು. ಮುಂದಿನ ಸೋಮವಾರವೂ ಹನ್ನೆರಡು. ಮಳೆ ಬಂದು ಹೋಯಿತು, ಚಳಿ ಬಂತು, ಕೊಕ್ಕೆಯ ಮೇಲೆ ಹನ್ನೆರಡು ಚೀಲ ಬೇರು ಬಿಟ್ಟ ಹಾಗೆ ಕೂತವು. ಹಗ್ಗದಣ್ಣ ಪ್ರತಿ ಸಲವೂ ಹನ್ನೊಂದನೆಯ ಚೀಲ ಹಾಕಿ ಸ್ವಲ್ಪ ಹೊತ್ತು ಕಾಯುತ್ತಿದ್ದ, ಅವಳ ಹಿಮ್ಮಡಿಯನ್ನೇ ನೋಡುತ್ತ. ಆಮೇಲೆ ಇನ್ನೊಂದು ಹಾಕುತ್ತಿದ್ದ.

ವಿಚಿತ್ರ ಅಂದರೆ, ಚೀಲ ಒಂದನ್ನು ಬಿಟ್ಟು ಮೈಯೆಲ್ಲ ಬೇರೆಯೇ ಕಥೆ ಹೇಳುತ್ತಿತ್ತು. ಸ್ವೆಟರ್ ಪೆಟ್ಟಿಗೆಗೆ ಹೋಗಿತ್ತು. ಮೆಟ್ಟಿಲು ಎರಡೆರಡೇ ಹತ್ತುತ್ತಿದ್ದಳು. ದನಿ ಹಿಂದಿನ ಸಾಲಿನ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಲಂಗ ಸೊಂಟದಿಂದ ಜಾರುತ್ತದೆಂದು ಪಿನ್ನು ಹಾಕಿದ್ದಳು. ನಾದಿನಿ ಫೋನಿನಲ್ಲಿ "ಬಟ್ಟೆ ಸಡಿಲ ಆಗಿದ್ಯಾ?" ಎಂದು ಕೇಳಿದರೆ, "ಹಳೇ ಬಟ್ಟೆ ಕಣೇ, ಒಗೆದು ಒಗೆದು ಜಾಳಾಗಿದೆ" ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ಈ ಹೆಂಗಸಿಗೆ ಕನ್ನಡಿ ಸಾಲಲಿಲ್ಲ, ಮಾವನವರ ಚೀಲವೇ ಬಂದು ಹೇಳಬೇಕಿತ್ತು.

ಪರೀಕ್ಷೆಗೆ ಒಂದು ವಾರ ಉಳಿದಿದ್ದಾಗಿನ ಸೋಮವಾರವೂ ಹನ್ನೆರಡೇ. ಮೋಡಮ್ಮ ಪಟ್ಟಿ ಬಿಚ್ಚಿದಳು. ಹಿಂದೆ ನಿಂತಿದ್ದ ಭಾವನ ಮಗಳು ಪಾಪ, "ಚಿಕ್ಕಮ್ಮ, ನಿಮ್ಮ ಹಾಗೆ ತೋಳು ಅಗಲಿಸೋದು ನಂಗಿನ್ನೂ ಬರ್ತಿಲ್ಲ, ಹೇಳಿಕೊಡ್ತೀರಾ?" ಎಂದು ಕೇಳಿದಳು. ಹೇಳಿಕೊಟ್ಟಳು. ಭುಜ ಹೇಗಿರಬೇಕು, ಕತ್ತು ಹೇಗಿರಬೇಕು, ಬೆರಳು ಕೊನೆಯಲ್ಲಿ ಹೇಗೆ ಬಿಡಿಸಬೇಕು, ಒಂದನ್ನೂ ಮುಚ್ಚಿಡದೆ.

ಮಧ್ಯಾಹ್ನ ತಟ್ಟೆ ಮುಂದೆ ಬಂತು. ಮೋಡಮ್ಮ ಅದನ್ನು ದೂರ ತಳ್ಳಿದಳು.

"ಒಂದು ವಾರ ಏನೂ ತಿನ್ನಲ್ಲ ರೀ. ನೀರೂ ಕಡಿಮೆ ಕುಡೀತೀನಿ. ಒಂದು ಚೀಲ ಇಳಿಯುತ್ತೆ. ಹೋದ ಸಲ ಇಳೀತಲ್ಲ."

ಹಗ್ಗದಣ್ಣ ಕೈ ತೊಳೆದುಕೊಂಡು ಬಂದು ಅವಳ ಎದುರು ಕೂತ. ಸಾಮಾನ್ಯವಾಗಿ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುವವನು ಅವತ್ತು ನೆಟ್ಟಗೆ ಹೇಳಿದ. "ಇಳಿಯಬಹುದು. ಆವತ್ತು ಹಗ್ಗಕ್ಕೆ ಜೋತುಬಿದ್ದೆಯಲ್ಲ, ಹಗ್ಗದ ಈ ತುದೀಲಿ ನಾನಿದ್ದೆ. ನಿಂಗೆ ಜೀವ ಇದೆಯೋ ಇಲ್ಲವೋ ಅಂತ ನಂಗೆ ಗೊತ್ತಾಗ್ಲಿಲ್ಲ. ಇನ್ನೊಂದು ಸಲ ಹಾಗೆ ನಿನ್ನ ಎಳೆಯೋಕೆ ನನ್ನ ಕೈಲಿ ಆಗಲ್ಲ ಕಣೇ. ಬೇರೆ ಯಾರಾದ್ರೂ ಹಗ್ಗ ಹಿಡೀಲಿ."

ಮೋಡಮ್ಮನ ಕಣ್ಣು ತುಂಬಿತು. ಪಾತ್ರ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಹೇಳಲು ಮಾತಿರಲಿಲ್ಲ. ಆದರೆ ಈ ಆರೇಳು ತಿಂಗಳಲ್ಲಿ ಅವಳಿಗೆ ಇನ್ನೊಂದು ರುಚಿ ಹತ್ತಿತ್ತು. ಬೆಳಗ್ಗೆ ಎದ್ದರೆ ಮೈ ತನ್ನದು ಅನ್ನಿಸುತ್ತಿತ್ತು. ಚೀಲ ತಲೆಯ ಮೇಲೆತ್ತಿ ಹಿಡಿದಾಗ ತೋಳು ನಡುಗುತ್ತಿರಲಿಲ್ಲ. ಅದನ್ನೂ ಒಂದು ವಾರದ ಹಸಿವಿಗೆ ಕೊಟ್ಟುಬಿಡಬೇಕೆ? ಕಣ್ಣೊರೆಸಿಕೊಂಡು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

"ಪಾತ್ರ ಹೋದ್ರೆ ಹೋಗ್ಲಿ. ಮತ್ತೆ ಆ ಸ್ಥಿತಿಗೆ ನಾನು ಹೋಗಲ್ಲ" ಎಂದಳು. ಆ ಮಧ್ಯಾಹ್ನದ ಊಟವನ್ನು ಅವಳು ಅಳುತ್ತಲೇ ಮುಗಿಸಿದಳು, ತಟ್ಟೆಯಲ್ಲಿ ಒಂದು ಕಾಳೂ ಬಿಡದೆ. ಆ ವಾರವೆಲ್ಲ ಎಂದಿನ ಹಾಗೆ ಉಂಡಳು, ಎಂದಿನ ಹಾಗೆ ಚೀಲ ಹೊತ್ತಳು.

ಮೇಸ್ತ್ರಿ ಬಂದ. ಊಟದ ಹೊತ್ತಿಗೆ ಕೆಲಸ ಮುಗಿಸಿ ಹೊರಡುವ ಅವಸರದಲ್ಲಿದ್ದ ಮನುಷ್ಯ. ಕಬ್ಬಿಣದ ತೂಕಗಳನ್ನು ಠಣ್ ಠಣ್ ಎಂದು ಜೋಡಿಸಿ ಅರವತ್ತಾರು ಕಿಲೋ ಕೊಕ್ಕೆಗೆ ಹಾಕಿದ. "ಆಳು ಕೆಳಗೇ ನಿಂತ್ರೆ ತೂಕ ಜಾಸ್ತಿ ಅಂತ ಅರ್ಥ. ನಿಂತ್ರೆ ಪಟ್ಟಿ ಬಿಚ್ಚಿಸಿಬಿಡ್ತೀನಿ, ಮುಂದಿನವರನ್ನ ಕಳಿಸಿ" ಎಂದ. ಹಗ್ಗದಣ್ಣನಿಗೆ ಹಗ್ಗ ಮುಟ್ಟಬಾರದೆಂದು ಹೇಳಿ ದೂರ ನಿಲ್ಲಿಸಿದ. ಭಾವನ ಮಗಳು ಪಕ್ಕದಲ್ಲಿ ತಯಾರಾಗಿ ನಿಂತಿದ್ದಳು.

ಮೋಡಮ್ಮ ಪಟ್ಟಿ ಕಟ್ಟಿಕೊಂಡು ರಂಗದ ನಡುವೆ ನಿಂತಳು. ಮೇಸ್ತ್ರಿ ರಾಟೆಯ ತಡೆ ತೆಗೆದ. ಅವಳು ಕಣ್ಣು ಮುಚ್ಚಿದಳು. ಹನ್ನೊಂದು ಚೀಲದ ಭಾರ ಅದು, ತಾನು ಹನ್ನೆರಡು. ಏಳುವ ಮಾತೇ ಇಲ್ಲ. ಬಾವಿಯ ಅಜ್ಜಿಯ ಸ್ಟೂಲು ಎಲ್ಲಿಡುತ್ತಾರೋ ಎಂದು ಯೋಚಿಸುತ್ತಿದ್ದಳು.

ಹಿಮ್ಮಡಿ ಎದ್ದಿತು. ಆಮೇಲೆ ಬೆರಳು. ಕಣ್ಣು ಬಿಟ್ಟಾಗ ಭಾವನ ಬೋಳು ನೆತ್ತಿ ಕಂಡಿತು, ಮೇಲಿನಿಂದ.

"ಏನ್ರೀ ಇದು?" ಎಂದಳು, ಯಾರನ್ನು ಕೇಳಬೇಕೆಂದು ತಿಳಿಯದೆ.

ಮೇಸ್ತ್ರಿ ತಪ್ಪು ತೂಕ ಹಾಕಿದನೆಂದು ಭಾವ ಅಂದರು. ಮೇಸ್ತ್ರಿ ಸಿಡುಕಿ ಎಲ್ಲ ತೂಕ ಇಳಿಸಿ, ಒಂದೊಂದನ್ನೂ ಅವರ ಕಣ್ಣೆದುರು ಹಿಡಿದು ಮತ್ತೆ ಹಾಕಿದ. ಮತ್ತೆ ಎದ್ದಳು. ಹಗ್ಗದಣ್ಣ ಏನೋ ಹೊಳೆದವನ ಹಾಗೆ ಅಟ್ಟಕ್ಕೆ ಓಡಿ ಒಂದು ಚೀಲ ಹೊತ್ತು ತಂದ. ಮೇಸ್ತ್ರಿಯ ಕೈತಕ್ಕಡಿಗೆ ನೇತುಹಾಕಿದ. ಆರು ಕಿಲೋ ಇರಬೇಕಾದ ಚೀಲ ಐದೂವರೆಯೂ ತೂಗಲಿಲ್ಲ. ಇನ್ನೊಂದು ತಂದ, ಅದೂ ಅಷ್ಟೇ. ಚೀಲದ ಹೊಲಿಗೆಯಿಂದ ಮರಳು ಸಣ್ಣಗೆ ಅವನ ಪಾದದ ಮೇಲೆ ಉದುರಿತು.

ಆಗ ಅರ್ಥವಾಯಿತು. ಮೋಡಮ್ಮ ದಿನಾ ಎತ್ತಿ ಎಸೆದದ್ದೂ ಅದೇ ಚೀಲ, ಸೋಮವಾರ ತೂಗಿದ್ದೂ ಅದೇ ಚೀಲ. ಧೊಪ್ಪೆಂದು ಬಿದ್ದಾಗಲೆಲ್ಲ ಹೊಲಿಗೆ ಬಿಟ್ಟು ಒಂದಿಷ್ಟು ಮರಳು ಸೋರಿತ್ತು. ಅವಳು ಇಳಿದಷ್ಟೂ ಚೀಲಗಳೂ ಅವಳ ಜೊತೆ ಇಳಿದಿದ್ದವು. ಮಾವನವರು ಇದ್ದಾಗ ಪ್ರತಿ ಸುತ್ತಿಗೂ ಮುಂಚೆ ಚೀಲ ಬಿಚ್ಚಿ ತೂಗಿ ತುಂಬಿಸುತ್ತಿದ್ದರು. ಅವರ ಮಾತನ್ನು ಇಟ್ಟುಕೊಂಡ ಮಕ್ಕಳು ಈ ಕೆಲಸವನ್ನು ಮಾತ್ರ ಬಿಟ್ಟಿದ್ದರು. ಹಗ್ಗದಣ್ಣ ತಲೆಯ ಮೇಲೆ ಕೈಹೊತ್ತು ಕೂತ. "ದಿನಾ ಬೆಳಗ್ಗೆ ಅಟ್ಟದಲ್ಲಿ ಮರಳು ಗುಡಿಸಿ ಕಿಟಕಿಯಾಚೆ ಚೆಲ್ಲಿದ್ದು ನಾನೇ. ನಿನ್ನ ಗೆಲುವನ್ನ ಮೊರದಲ್ಲಿ ಹೊತ್ತು ಹೊರಗೆ ಹಾಕಿದ್ನಲ್ಲೇ" ಎಂದ.

ಮೋಡಮ್ಮನಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು, ಅಳುವಿನ ನಡುವೆ ಮತ್ತೆ ನಗು. ಉಪವಾಸವಿದ್ದು ಅಲ್ಲ, ಉಂಡು ಇಳಿದಿದ್ದಳು. ತಿಂಗಳುಗಟ್ಟಲೆ ಸೋತೆನೆಂದುಕೊಂಡು ದಿನಾ ಗೆದ್ದಿದ್ದಳು.

ವಾರಗಿತ್ತಿಯ ನಾಲಿಗೆ ಸುಮ್ಮನಿದ್ದೀತೇ? "ಅಂದ್ರೆ ಚೀಲ ಹಗುರ ಆಗಿತ್ತು. ಹಾಗಾದ್ರೆ ನಿನ್ನ ತೋಳಿನ ಶಕ್ತಿನೂ ಸೋರಿದ ಮರಳಿಂದೇ ಅನ್ನು."

ಒಂದು ಕ್ಷಣ ಮೋಡಮ್ಮನಿಗೂ ಹೌದೇನೋ ಅನ್ನಿಸಿತು. ಪಟ್ಟಿ ಬಿಚ್ಚಿ, ಮೇಸ್ತ್ರಿಯ ಕಬ್ಬಿಣದ ತೂಕಗಳ ಮುಂದೆ ಬಗ್ಗಿದಳು. ಇಪ್ಪತ್ತು ಕಿಲೋದ್ದು ಒಂದು ಬಲಗೈಗೆ, ಇನ್ನೊಂದು ಎಡಗೈಗೆ. ಕಬ್ಬಿಣ ಸೋರುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ ಎದ್ದಳು, ಅಟ್ಟದ ಮೆಟ್ಟಿಲು ಹತ್ತಿದಳು, ತುದಿಯಲ್ಲಿ ಒಮ್ಮೆ ತಿರುಗಿ ನೋಡಿದಳು, ಇಳಿದು ಬಂದು ಸದ್ದಾಗದ ಹಾಗೆ ಕೆಳಗಿಟ್ಟಳು. ಮೇಸ್ತ್ರಿ ಊಟದ ಅವಸರ ಮರೆತು ನಿಂತಿದ್ದ. "ಅಮ್ಮಾ, ನಮ್ಮ ಕಡೆ ಕೆಲಸಕ್ಕೆ ಬರ್ತೀರಾ?" ಎಂದು ಕೇಳಿದ.

ವಾರಗಿತ್ತಿ ಒಳಗೆ ಹೋಗಿ ರಾಣಿಯ ಉಡುಪು ತಂದು, ಮೋಡಮ್ಮನ ಬೆನ್ನಿಗೆ ಹಿಡಿದು ನೋಡಿ, ಪಕ್ಕಗಳಲ್ಲಿ ನಾಲ್ಕು ನಾಲ್ಕು ಬೆರಳು ಮಡಿಸಿ ಪಿನ್ನು ಚುಚ್ಚಿದಳು. "ಹೊಲಿಗೆ ಪೂರ್ತಿ ಬಿಚ್ಚಬೇಕು. ಕೆಲಸ ಕೊಟ್ಟೆ ನಂಗೆ" ಎಂದು ಗೊಣಗಿದಳು. ಗೊಣಗುವಾಗ ಅವಳ ಮುಖದಲ್ಲಿ ನಗುವಿತ್ತು. ಅವಳ ಮಗಳಂತೂ ಆಗಲೇ ಪಟ್ಟಿ ಬಿಚ್ಚಿ ಮೂಲೆಗೆಸೆದು ಚಿಕ್ಕಮ್ಮನ ಕುತ್ತಿಗೆಗೆ ಜೋತುಬಿದ್ದಿದ್ದಳು.

ಮೊದಲ ಪ್ರದರ್ಶನದ ದಿನ ಕುರ್ಚಿ ಸಾಲದೆ ಮಕ್ಕಳು ನೆಲದ ಮೇಲೂ ಕೂತಿದ್ದರು. ಹಗ್ಗದಣ್ಣ ಹೊಸ ಚೀಲಗಳನ್ನು ತಾನೇ ತೂಗಿ, ತಾನೇ ಎರಡೆರಡು ಸಲ ಹೊಲಿದಿದ್ದ. ನೀಲಿ ದೀಪ ಹೊತ್ತಿಕೊಂಡಿತು. ಅವನು ಎರಡು ಬೆರಳಲ್ಲಿ ಎಳೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವಳು ನೆಲದಿಂದ ಬಿಡಿಸಿಕೊಂಡಳು. ಮೇಲೆ, ಇನ್ನೂ ಮೇಲೆ. ಕೆಳಗೆ ಮಕ್ಕಳ ಬಾಯಿ ಒಂದೊಂದಾಗಿ ತೆರೆಯಿತು.

ಮಳೆಯನ್ನು ಕರೆಯುವ ಹೊತ್ತು ಬಂತು. ಮೋಡಮ್ಮ ಎರಡೂ ತೋಳು ಅಗಲಿಸಿದಳು. ಈ ಭಂಗಿ ಕಷ್ಟದ್ದು. ಹಿಂದೆಲ್ಲ ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಭುಜ ಸೋತು, ಇಳಿಸಿ ಎಂದು ಎಡಗಾಲಿನ ಬೆರಳು ಮಡಚಿ ಗಂಡನಿಗೆ ಸನ್ನೆ ಮಾಡುತ್ತಿದ್ದಳು. ಅಟ್ಟದಲ್ಲಿ ಹಗ್ಗದಣ್ಣ ಅವಳ ಎಡಗಾಲನ್ನೇ ನೋಡುತ್ತ ನಿಂತಿದ್ದ. ನಾಲ್ಕು ಉಸಿರಾಯಿತು. ಹತ್ತಾಯಿತು. ತೋಳು ಒಂದಿಷ್ಟೂ ಅಲುಗಲಿಲ್ಲ. ವಾದ್ಯದವರು ರಾಗ ಮುಗಿಸಿ, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಮೊದಲಿಂದ ಶುರುಮಾಡಿದರು. ಭಾವ ಪರದೆಯ ಪಕ್ಕದಿಂದ ಇಳಿಸು ಇಳಿಸು ಎಂದು ಕೈ ಬೀಸಿದರು.

ಹಗ್ಗದಣ್ಣ ಹಗ್ಗವನ್ನು ಗೂಟಕ್ಕೆ ಸುತ್ತಿ ಕೈಕಟ್ಟಿ ನಿಂತ. ಅವಳು ಸನ್ನೆ ಕೊಡಲಿ, ಆಗ ಇಳಿಸಿದರಾಯಿತು.